ಚೆನ್ನಕೇಶವನ ಡಿಸ್ಕ್ ಚಿಕಿತ್ಸೆ

ಮತ್ತಿಗಿರಿಯ ಚೆನ್ನಕೇಶವನಿಗೆ ದೇವರು ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಹೊಸೂರಿನ ಬೋಲ್ಟು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಕೆಲಸ, ಸ್ವಂತ ಮನೆ, ಕೈತುಂಬ ದುಡಿಯುವ ಹೆಂಡತಿ, ಗಟ್ಟಿಮುಟ್ಟಾದ ತಾಯಿ, ಮದುವೆ ಗೊತ್ತಾದ ತಂಗಿ. ಕೊಡಲು ಮರೆತದ್ದು ಒಂದೇ, ಮನೆಯೊಳಗಿನ ಮರ್ಯಾದೆ.

ಕಾರ್ಖಾನೆಯಲ್ಲಿ ಅವನು ಸಾಕ್ಷಾತ್ ಧನ್ವಂತರಿ. ಯಾವ ಮೆಷೀನು ನರಳಿದರೂ ಕೇಶವನನ್ನು ಕರೆಯಿರಿ ಎನ್ನುತ್ತಿದ್ದರು. ಅವನು ಬಂದು, ಜೇಬಿನಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಮೆಷೀನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಸುತ್ತ ನಿಂತವರು ಮಾತು ನಿಲ್ಲಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, "ಬೇರಿಂಗ್ ಹೋಗೈತೆ, ಬಿಚ್ರಿ" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಬೇರಿಂಗ್ ಹೋಗಿರುತ್ತಿತ್ತು. (ಬಿಚ್ಚುವಾಗಲೇ ಹೋಗುತ್ತಿತ್ತು ಎಂದು ಅವನನ್ನು ಕಂಡರಾಗದ ಸುಬ್ರಮಣಿ ಹೇಳುತ್ತಾನೆ. ಅದನ್ನು ನಾವು ಕಿವಿಗೆ ಹಾಕಿಕೊಳ್ಳಬೇಕಾಗಿಲ್ಲ.)

ಇಂಥ ಧನ್ವಂತರಿಗೆ ಮನೆಯಲ್ಲಿ ಸಿಗುತ್ತಿದ್ದ ರೋಗಿಗಳು ಕುಕ್ಕರಿನ ವಾಶರ್ ಮತ್ತು ಬಚ್ಚಲುಮನೆಯ ಚಿಲಕ. ಅವನ್ನೂ ಅವನು ಸ್ಕ್ರೂಡ್ರೈವರ್ ಹುಡುಕಿ ತರುವಷ್ಟರಲ್ಲಿ ಹೆಂಡತಿ ಮಾಲಾ ಸರಿಮಾಡಿ ಮುಗಿಸಿರುತ್ತಿದ್ದಳು.

ಮಾಲಾ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಎಂಬ್ರಾಯಿಡರಿ ಮಾಡುತ್ತಿದ್ದಳು. ಕಂಪ್ಯೂಟರಿನಲ್ಲಿ ಡಿಸೈನು ಬರೆದು, ಪೆನ್‌ಡ್ರೈವಿಗೆ ಹಾಕಿ, ಅದನ್ನು ಹೊಲಿಗೆ ಮೆಷೀನಿಗೆ ಸಿಕ್ಕಿಸಿದರೆ ಅದು ತಾನೇ ರವಿಕೆಯ ಮೇಲೆ ಹೂ ಬಳ್ಳಿ ಎಲ್ಲ ಮೂಡಿಸುತ್ತಿತ್ತು. ಬರುವ ಭಾನುವಾರ ಬೇರಿಕೆಯಲ್ಲಿ ನಾದಿನಿ ಭಾನುವಿನ ಮದುವೆ. ಮುಹೂರ್ತದ ರವಿಕೆಯ ಬೆನ್ನಿಗೆಂದು ಮಾಲಾ ತಿಂಗಳಿಂದ ಕೂತು ಒಂದು ಡಿಸೈನು ಬರೆದಿದ್ದಳು. ಹಣ್ಣು ತುಂಬಿದ ಮಾವಿನ ಕೊಂಬೆ, ಅದರ ಮೇಲೆ ಎದುರುಬದುರು ಕೂತ ಎರಡು ಗಿಣಿ. ಭಾನು ಅದನ್ನು ಪರದೆಯ ಮೇಲೆ ದಿನಕ್ಕೆ ಹತ್ತು ಸಲ ನೋಡಿ ಹೋಗುತ್ತಿದ್ದಳು. ಸೀರೆ ಗಂಡಿನ ಮನೆಯವರದು, ಒಡವೆ ಅಮ್ಮನದು, ಆ ಗಿಣಿಗಳು ಮಾತ್ರ ತನ್ನವೇ ಎಂದು ಅವಳಿಗೆ ಹಿಗ್ಗು.

ಕಂಪ್ಯೂಟರು ಮಾತ್ರ ಹಳೆಯದು. ಹಿಂದೆ ಅದನ್ನು ಆನ್ ಮಾಡಿ, ಒಲೆಯ ಮೇಲೆ ಅನ್ನಕ್ಕಿಟ್ಟು ಬಂದರೂ ಅದು ಇನ್ನೂ ಆಕಳಿಸುತ್ತಿರುತ್ತಿತ್ತು. ಕಾರ್ಖಾನೆಯ ಕಂಪ್ಯೂಟರ್ ನೋಡಿಕೊಳ್ಳುವ ಗೋಪಿನಾಥ್ ಬಂದು ಅದರ ಹಳೆಯ ಸಿಸ್ಟಂ ತೆಗೆದು ಲಿನಕ್ಸ್ ಹಾಕಿಕೊಟ್ಟ ಮೇಲೆ ಚುರುಕಾಯಿತು. ಗೋಪಿನಾಥ್ ಕೆಲಸ ಮಾಡುವಾಗ ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದ ಕಾರಣಕ್ಕೆ, ಆ ಲಿನಕ್ಸ್ ತನ್ನದೇ ಸಂತಾನ ಎಂದು ಚೆನ್ನಕೇಶವ ತಿಳಿದುಕೊಂಡಿದ್ದ.

ಗುರುವಾರ ಮಧ್ಯಾಹ್ನ ಅವನು ಫಸ್ಟ್ ಶಿಫ್ಟ್ ಮುಗಿಸಿ ಬಂದು ಟೀ ಕುಡಿಯುತ್ತ ಕೂತಿದ್ದಾಗ ಟಕ್ ಟಕ್ ಎಂಬ ಸದ್ದು ಕೇಳಿಸಿತು. ಲೋಟ ಕೆಳಗಿಟ್ಟ. ಮತ್ತೆ ಟಕ್ ಟಕ್ ಟಕ್. ಸದ್ದು ಗೋಡೆಗೆ ಒತ್ತಿಟ್ಟಿದ್ದ ಕಂಪ್ಯೂಟರಿನ ಕಡೆಯಿಂದಲೇ ಬರುತ್ತಿತ್ತು.

"ಮಾಲಾ, ಈ ಸದ್ದು ಯಾವಾಗಿಂದ ಬತ್ತಾ ಐತೆ?"

"ದಿನಾ ಬತ್ತದೆ."

"ದಿನಾ ಬತ್ತದೆ ಅಂತ ಅಷ್ಟು ಸಲೀಸಾಗಿ ಹೇಳ್ತೀಯಲ್ಲ. ಒಂದು ಕಂಪ್ಲೇಂಟ್ ಕೊಡೋದಲ್ವಾ?"

"ಯಾರ್ಗೆ ಕೊಡ್ಲಿ?"

ತನಗಲ್ಲದೆ ಇನ್ಯಾರಿಗೆ ಎಂದು ಹೇಳಬೇಕೆನಿಸಿದರೂ ಕೇಶವ ಗಾಂಭೀರ್ಯ ಬಿಡಲಿಲ್ಲ. ಸ್ಕ್ರೂಡ್ರೈವರ್ ತಂದ. ತುದಿ ಕಂಪ್ಯೂಟರ್ ಡಬ್ಬಕ್ಕೆ, ಹಿಡಿ ಕಿವಿಗೆ, ಕಣ್ಣು ಮುಚ್ಚಿತು. ಟಕ್ ಟಕ್ ಟಕ್, ಸ್ವಲ್ಪ ಬಿಡುವು, ಮತ್ತೆ ಟಕ್ ಟಕ್.

"ಹಾರ್ಡ್‌ಡಿಸ್ಕ್ ಬೇರಿಂಗು. ಬಿಟ್ಟು ಬಿಟ್ಟು ಬತ್ತಾ ಐತೆ. ಇನ್ನೊಂದೆರಡು ದಿನ, ಅಷ್ಟೇ ಇದರ ಆಯಸ್ಸು."

"ಎರಡು ದಿನ ಸಾಕು" ಎಂದಳು ಮಾಲಾ. "ನಾಳೆ ಭಾನು ರವಿಕೆ ಆಗೋಯ್ತದೆ. ಅಲ್ಲೀಗಂಟ ನೀವದನ್ನ ಮುಟ್ಬ್ಯಾಡ್ರಿ. ಮದ್ವೆ ಆದ್ಮೇಲೆ ಬಿಚ್ಕಂಡು ಎದೆ ಮೇಲೆ ಇಟ್ಕಂಡು ಮಲೀಕಳಿ."

"ಬ್ರೇಕ್‌ಡೌನ್ ಆದ್ಮೇಲೆ ಓಡಿ ಬರೋದು ಮೆಂಟೆನೆನ್ಸ್ ಅಲ್ಲ ಮಾಲಾ. ಆಗೋಕೆ ಮುಂಚೆ ಬರ್ಬೇಕು."

"ನೀವು ಬಂದ್ಮೇಲೇ ಅಲ್ವಾ ಆಗೋದು" ಎಂದು ಮಾಲಾ ಚಪ್ಪಲಿ ಮೆಟ್ಟಿಕೊಂಡು, ಭಾನುವನ್ನು ಕರೆದುಕೊಂಡು ಬಳೆ ತರಲು ಹೊಸೂರಿಗೆ ಹೊರಟಳು.

ಹೆಂಡತಿ ಬೇಡವೆಂದ ಕೆಲಸವನ್ನು ಹೆಂಡತಿ ಇಲ್ಲದಾಗ ಮಾಡಿ, ಅವಳು ಬಂದಾಗ ಫಲಿತಾಂಶ ತೋರಿಸಿ ಬೆರಗುಗೊಳಿಸಬೇಕು ಎಂಬ ಆಸೆ ಗಂಡಸರಿಗೆ ಯಾಕೆ ಬರುತ್ತದೋ ಗೊತ್ತಿಲ್ಲ. ಕೇಶವನಿಗೂ ಬಂತು. ಗೋಪಿನಾಥನಿಗೆ ಫೋನು ಮಾಡಿ, ಲಿನಕ್ಸಿನಲ್ಲಿ ಡಿಸ್ಕ್ ಪರೀಕ್ಷೆ ಮಾಡಿ ರಿಪೇರಿ ಮಾಡುವುದು ಹೇಗೆ ಎಂದು ಕೇಳಿದ.

ಕೃಷ್ಣಗಿರಿಯ ಗೋಪಿನಾಥನ ಮನೆಮಾತು ತಮಿಳು. ಕನ್ನಡವನ್ನು ಅವನು ನಿಧಾನವಾಗಿ, ಒಂದೊಂದೇ ಮಾತು ಜೋಡಿಸಿ ಆಡುತ್ತಾನೆ. "ಎಫ್‌ಎಸ್‌ಸಿಕೆ ಅಂತ ಒಂದು ಕಮಾಂಡ್ ಇದೆ ಅಣ್ಣಾ. ಆದ್ರೆ ಮೊದಲು ಪೆನ್‌ಡ್ರೈವ್ ಹಾಕಿ, ಅದರಿಂದ ಕಂಪ್ಯೂಟರ್ ಸ್ಟಾರ್ಟ್ ಮಾಡ್ಬೇಕು. ಓಡ್ತಾ ಇರೋ ಡಿಸ್ಕ್‌ನ ರಿಪೇರಿ ಮಾಡ್ಬಾರ್ದು."

"ಓಡೋ ಮೆಷೀನಿಗೆ ಕೈ ಹಾಕ್ಬಾರ್ದು ಅಂತ ನಂಗೇ ಹೇಳ್ಕೊಡ್ತೀಯೇನಪ್ಪಾ" ಎಂದು ಕೇಶವ ನಕ್ಕ. ಕಾರ್ಖಾನೆಯ ಗೋಡೆಯ ಮೇಲೆ ಆ ಮಾತನ್ನು ತಮಿಳು, ಕನ್ನಡ, ತೆಲುಗು ಮೂರರಲ್ಲೂ ಕೆಂಪು ಬಣ್ಣದಲ್ಲಿ ಬರೆಸಿದವನೇ ಅವನು.

ಪೆನ್‌ಡ್ರೈವ್ ಮಾಲಾಳ ಮೆಷೀನಿನಲ್ಲಿ ಸಿಕ್ಕಿಕೊಂಡಿತ್ತು (ಗಿಣಿಗಳನ್ನು ಅವಳು ಅದಕ್ಕೆ ಇನ್ನೂ ಹಾಕಿರಲಿಲ್ಲ). ಅದನ್ನು ಮುಟ್ಟಿದರೆ ಅವಳಿಗೆ ಗೊತ್ತಾಗುತ್ತದೆ. ಗೊತ್ತಾಗದ ಹಾಗೆ ಮಾಡಬೇಕಾದರೆ ನೇರವಾಗಿ ಮಾಡುವುದೇ ದಾರಿ ಎಂದು ಕೇಶವ ಕಮಾಂಡು ಒತ್ತಿದ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎಚ್ಚರಿಕೆ ಬಂತು: ಈ ಡಿಸ್ಕು ಬಳಕೆಯಲ್ಲಿದೆ, ಮುಂದುವರಿದರೆ ಭಾರೀ ಹಾನಿ ಖಂಡಿತ, ನಿಜಕ್ಕೂ ಮುಂದುವರಿಯಬೇಕೆ? ಖಂಡಿತ ಎಂಬ ಮಾತಿನ ಆಚೆ ಈಚೆ ಸಾಲು ನಕ್ಷತ್ರಗಳನ್ನೂ ಅಂಟಿಸಿತ್ತು.

ಕೇಶವ ಓದಿದ. ಓದಿಯೂ ಹೌದು ಎಂದು ಒತ್ತಿದ. ಯಾಕೆಂದರೆ ಕಾರ್ಖಾನೆಯಲ್ಲಿ ಎಚ್ಚರಿಕೆ ಇಲ್ಲದ ಜಾಗವೇ ಇಲ್ಲ. ಪ್ಯಾನೆಲಿನ ಮೇಲೆ ಅಪಾಯ, ಫ್ಯಾನಿನ ಮೇಲೆ ಅಪಾಯ, ಟೀ ಮೆಷೀನಿನ ಮೇಲೂ ಅಪಾಯ. ಅವೆಲ್ಲ ಆಪರೇಟರುಗಳಿಗೆ. ಮೆಂಟೆನೆನ್ಸಿನವನು ಅವನ್ನು ಅಂಟಿಸುವವನೇ ಹೊರತು ಪಾಲಿಸುವವನಲ್ಲ.

ಆಮೇಲೆ ಡಿಸ್ಕಿನಿಂದ ಪ್ರಶ್ನೆಗಳ ಸುರಿಮಳೆ. ಇಲ್ಲಿ ತಪ್ಪಿದೆ, ಸರಿಮಾಡಲೇ? ಹೌದು. ಇದರ ಲೆಕ್ಕ ಅದಕ್ಕೆ ತಾಳೆಯಾಗುತ್ತಿಲ್ಲ, ಸರಿಮಾಡಲೇ? ಹೌದು. ಪಾಪ, ಒಳಗೆ ಇಷ್ಟೆಲ್ಲ ರೋಗ ಇಟ್ಟುಕೊಂಡು ಹೇಗೆ ಓಡುತ್ತಿತ್ತೋ ಎಂದು ಕೇಶವನಿಗೆ ಕನಿಕರವಾಯಿತು, ತನ್ನ ಕಿವಿಯ ಬಗ್ಗೆ ಗೌರವ ಹೆಚ್ಚಾಯಿತು. ಆ ರೋಗಗಳು ತನ್ನ ಚಿಕಿತ್ಸೆಯಿಂದಲೇ ಹುಟ್ಟುತ್ತಿವೆ ಎಂಬುದು ಅವನಿಗೆ ಹೊಳೆಯಲಿಲ್ಲ. ಓಡುತ್ತಿರುವ ಕಂಪ್ಯೂಟರು ತನ್ನ ಡಿಸ್ಕಿನಲ್ಲಿ ಸದಾ ಏನಾದರೂ ಬರೆಯುತ್ತ, ಅಳಿಸುತ್ತ, ಎತ್ತಿಡುತ್ತ ಇರುತ್ತದೆ. ಅದೇ ಹೊತ್ತಿಗೆ ರಿಪೇರಿಯವನೂ ಒಳಗೆ ನುಗ್ಗಿದರೆ, ಒಂದೇ ಅಡುಗೆಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಡಬ್ಬ ಜೋಡಿಸಿದಂತೆ. ಅರಿಶಿನದ ಡಬ್ಬದಲ್ಲಿ ಮೆಂತ್ಯ ಸಿಗುತ್ತದೆ, ಅರಿಶಿನ ಎಲ್ಲಿ ಹೋಯಿತೆಂದು ಇಬ್ಬರಿಗೂ ಗೊತ್ತಿರುವುದಿಲ್ಲ.

ಎಲ್ಲ ಮುಗಿದ ಮೇಲೆ ಕೇಶವ ಕಂಪ್ಯೂಟರನ್ನು ಆರಿಸಿ ಮತ್ತೆ ಆನ್ ಮಾಡಿದ. ಕಪ್ಪು ಪರದೆ ಬಂತು, ಅದರ ಮೂಲೆಯಲ್ಲಿ ಬಿಳಿಯ ಒಂದು ಸಾಲು. ಮತ್ತೆ ಮಾಡಿದ. ಅದೇ ಕಪ್ಪು, ಅದೇ ಸಾಲು. ಅಭ್ಯಾಸಬಲದಿಂದ ಸ್ಕ್ರೂಡ್ರೈವರ್ ಇಟ್ಟು ಕೇಳಿದ. ಟಕ್ ಟಕ್ ಸದ್ದು ನಿಂತಿತ್ತು. ಆಪರೇಷನ್ ಯಶಸ್ವಿ, ರೋಗಿ ಮಾತ್ರ ಮಾತಾಡುತ್ತಿರಲಿಲ್ಲ.

ಬಳೆ ತಂದವರು ಬಂದರು. ಮಾಲಾ ಪರದೆ ನೋಡಿದಳು, ಗಂಡನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿದಳು. ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು. ಹೆಂಡತಿ ಕೂಗಾಡಿದ್ದರೆ ಕೇಶವ ತಡೆದುಕೊಳ್ಳುತ್ತಿದ್ದ, ಅದಕ್ಕೆ ಉತ್ತರಗಳನ್ನೂ ಜೋಡಿಸಿಕೊಂಡಿದ್ದ. ಭಾನು ಮಾತ್ರ ಬಳೆಯ ಪೊಟ್ಟಣ ಹಿಡಿದುಕೊಂಡು, "ಅಣ್ಣಾ, ಗಿಣಿ?" ಎಂದಳು. ಚಿಕ್ಕಂದಿನಲ್ಲಿ ಕೇಶವ ತಂಗಿಯ ಬೊಂಬೆಯ ಕೈ ಸರಿಮಾಡಲು ಹೋಗಿ ತಲೆ ಕಿತ್ತಾಗಲೂ ಅವಳು ಹೀಗೇ ಕೇಳಿದ್ದಳು.

ಮರುದಿನದಿಂದ ಕೇಶವನಿಗೆ ಮದುವೆಯ ರಜೆ. ಅವನು ಫೋನು ಮಾಡಿ ಕರೆದದ್ದಕ್ಕೆ ಬೆಳಿಗ್ಗೆ ಗೋಪಿನಾಥ್ ಸೆಕೆಂಡ್ ಶಿಫ್ಟಿಗೆ ಮುಂಚೆ ಬಂದ. ತನ್ನ ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ಎಬ್ಬಿಸಿ, ಡಿಸ್ಕಿನ ಆರೋಗ್ಯ ತೋರಿಸುವ ಇನ್ನೊಂದು ಕಮಾಂಡು ಹಾಕಿದ. ಬಹಳ ಹೊತ್ತು ಪರದೆ ನೋಡಿದ.

"ಅಣ್ಣಾ, ಡಿಸ್ಕ್‌ಗೆ ಏನೂ ಆಗಿಲ್ಲ. ಒಂದು ಜಾಗನೂ ಕೆಟ್ಟಿಲ್ಲ. ಇನ್ನೂ ಎಷ್ಟೋ ವರ್ಷ ಬರುತ್ತೆ. ಕೆಟ್ಟಿರೋದು ಒಳಗಿನ ಜೋಡಣೆ. ಅದು ನಿನ್ನೆ ಕೆಟ್ಟಿರೋದು."

"ಏನೂ ಆಗಿಲ್ದೆ ಸದ್ದು ಬತ್ತದಾ?" ಎಂದು ಕೇಶವ ಕೇಳುತ್ತಿದ್ದ ಹಾಗೇ ಟಕ್ ಟಕ್ ಟಕ್ ಶುರುವಾಯಿತು. ಅವನ ಮುಖ ಬೆಳಗಿತು. "ಕೇಳಪ್ಪ, ನೀನೇ ಕೇಳು."

ಗೋಪಿನಾಥ್ ಡಬ್ಬಕ್ಕೆ ಕಿವಿಯಿಟ್ಟ. ಆಮೇಲೆ ಗೋಡೆಗೆ ಕಿವಿಯಿಟ್ಟ. ಮಾಲಾ ಎದ್ದು ಪಕ್ಕದ ಕೋಣೆಗೆ ಹೋದಳು. ಸದ್ದು ನಿಂತಿತು. ಅವಳು ಬಾಗಿಲಲ್ಲಿ ಕಾಣಿಸಿಕೊಂಡಾಗ ಕೈಯಲ್ಲಿ ಕಬ್ಬಿಣದ ಪುಟ್ಟ ಕುಟ್ಟಾಣಿ ಇತ್ತು. ಅದರಲ್ಲಿ ಅರ್ಧ ನುರಿದ ಎಲೆ ಅಡಿಕೆ. ಹಿಂದಿನಿಂದ ಕೇಶವನ ತಾಯಿ ಪಿಳ್ಳಮ್ಮ ಬಂದರು.

"ಕೊಡವ್ವಾ ಅದ. ಹಲ್ಲಿಲ್ದೋಳು ಎಲೆ ಅಡ್ಕೆ ಕುಟ್ಕಂಡು ಬಾಯಿಗಾಕ್ಕಳೋದೂ ತಪ್ಪಾ ಈ ಮನೇಲಿ?"

ಬಿಟ್ಟು ಬಿಟ್ಟು ಬರುತ್ತಿದ್ದದ್ದು ಯಾಕೆಂದು ಕೇಶವನಿಗೆ ಅರ್ಥವಾಯಿತು. ಕುಟ್ಟುವುದು, ಬಾಯಿಗೆ ಹಾಕುವುದು, ಮತ್ತೆ ಕುಟ್ಟುವುದು. ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಅವನು ಹಿತ್ತಿಲ ಕಡೆ ಹೋಗಿ, ಅಲ್ಲಿ ಏನೂ ಕೆಲಸವಿಲ್ಲದಿದ್ದರೂ ಸ್ವಲ್ಪ ಹೊತ್ತು ನಿಂತು ಬಂದ. ಅವನ ಬೆನ್ನ ಹಿಂದೆ ಪಿಳ್ಳಮ್ಮ ವಿಷಯ ತಿಳಿದುಕೊಂಡು, "ನನ್ ಕುಟ್ಟಾಣಿಗೇ ಬೇರಿಂಗ್ ಹೋಗೈತೆ ಅಂದ್ಬುಟ್ನಾ?" ಎಂದು ಕೇಳುತ್ತಿದ್ದದ್ದು ಅವನಿಗೆ ಚೆನ್ನಾಗಿ ಕೇಳಿಸಿತು. ಕಿವಿಯಲ್ಲಿ ದೋಷವಿರಲಿಲ್ಲ.

ಗೋಪಿನಾಥ್ ಅದೇ ಕಮಾಂಡನ್ನು ಈಗ ಕ್ರಮವಾಗಿ, ಡಿಸ್ಕು ಸುಮ್ಮನಿರುವಾಗ ಓಡಿಸಿದ. ಹಳೆಯದೆಲ್ಲ ಸಿಗಲಿಲ್ಲ, ಆದರೆ ಬಹಳಷ್ಟು ಸಿಕ್ಕಿತು. "ಕವಲೆ ಪಡಾದೀಂಗ ಅಕ್ಕಾ" ಎಂದು ಅವನು ಮಾಲಾಳಿಗೆ ತನ್ನ ತಮಿಳಿನಲ್ಲೇ ಧೈರ್ಯ ಹೇಳಿದ. "ಲಾಸ್ಟ್ ಅಂಡ್ ಫೌಂಡ್ ಅಂತ ಒಂದು ಫೋಲ್ಡರ್ ಇದೆ. ಹೆಸರು ಕಳ್ಕೊಂಡಿರೋ ಫೈಲೆಲ್ಲ ಅಲ್ಲಿಗೆ ಬಂದು ಬೀಳುತ್ತೆ."

ಬಿದ್ದಿದ್ದವು ನಿಜ, ಆದರೆ ಒಂದಕ್ಕೂ ಹೆಸರಿಲ್ಲ. ಬರೀ ನಂಬರು. ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡಬಹುದಿತ್ತು. ನೋಡುತ್ತ ನೋಡುತ್ತ ಮನೆಯವರೆಲ್ಲ ಸುತ್ತ ಸೇರಿದರು. ಕೇಶವ ಮೊದಲ ಸಲ ಬೈಕು ತಂದದ್ದು, ಭಾನು ಜಡೆಗೆ ಹೂ ಮುಡಿದು ಮುಖ ಊದಿಸಿಕೊಂಡು ನಿಂತದ್ದು, ಪಿಳ್ಳಮ್ಮ ಈದ ಹಸುವಿನ ಪಕ್ಕ ತಾವೇ ಈದಷ್ಟು ಹೆಮ್ಮೆಯಿಂದ ನಿಂತದ್ದು. ವರ್ಷಗಳಿಂದ ಯಾರೂ ನೋಡದಿದ್ದ ಫೋಟೋಗಳು. ಮಾಲಾ ಕೂಡ ಒಂದೆರಡು ಸಲ ನಕ್ಕಳು. ಗಂಡನ ಕಡೆ ನೋಡಿ ನಗಲಿಲ್ಲ, ಆದರೆ ಅವನು ಇದ್ದ ದಿಕ್ಕಿನಲ್ಲಿ ನಕ್ಕಳು. ಕೇಶವನಿಗೆ ಅಷ್ಟಕ್ಕೇ ಜೀವ ಬಂದಂತಾಯಿತು.

ಡಿಸೈನು ಫೈಲುಗಳ ಕಥೆ ಬೇರೆ. ಅವನ್ನು ತೆರೆದು ನೋಡಲು ಬೇಕಾದ ಸಾಫ್ಟ್‌ವೇರ್ ಹೋಗಿತ್ತು. ಹೊಸದಾಗಿ ಹಾಕಲು ಗೋಪಿನಾಥನಿಗೆ ಹೊತ್ತಿರಲಿಲ್ಲ, ಶಿಫ್ಟಿಗೆ ಹೊರಟ. ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಟ್ಟು ಹೋದ. ಮಾಲಾಳ ಸೆಕೆಂಡ್ ಹ್ಯಾಂಡ್ ಮೆಷೀನಿಗೆ ಚಿತ್ರ ತೋರಿಸುವ ಪರದೆ ಇರಲಿಲ್ಲ. ಯಾವ ನಂಬರಿನಲ್ಲಿ ಗಿಣಿ ಇದೆ ಎಂದು ತಿಳಿಯಲು ಹೊಲಿದೇ ನೋಡಬೇಕು. ಹಳೆಯ ದುಪ್ಪಟಿ ಒಂದನ್ನು ಬಲಿ ಕೊಟ್ಟರು. ಮೊದಲು ಯಾರದೋ ಶಾಲೆಯ ಲಾಂಛನ ಬಂತು. ಆಮೇಲೆ ಗುಲಾಬಿ. ಆಮೇಲೆ ಶುಭವಿವಾಹ ಎಂದು ಶುರುವಾಗಿ ಶುಭ ಎಂಬಲ್ಲಿಗೇ ನಿಂತುಹೋದ ಒಂದು ಫೈಲು. ಪ್ರತಿಯೊಂದಕ್ಕೂ ಮೆಷೀನು ತನ್ನ ಪಾಡಿಗೆ ತಾನು ಕಟಕಟ ಎನ್ನುತ್ತ ಸಾವಕಾಶವಾಗಿ ಹೊಲಿಯುತ್ತಿತ್ತು. ಮಧ್ಯಾಹ್ನ ಕಳೆದ ಮೇಲೆ ದುಪ್ಪಟಿಯ ಮೂಲೆಯಲ್ಲಿ ಹಸಿರು ಕೊಕ್ಕೊಂದು ಮೂಡಿತು (ದಾರ ಬದಲಾಯಿಸುವುದನ್ನು ಮರೆತಿದ್ದರು), ಅದರ ಹಿಂದೆ ತಲೆ, ಅದರ ಎದುರು ಇನ್ನೊಂದು ತಲೆ. ಭಾನು ಅತ್ತಿಗೆಯನ್ನು ತಬ್ಬಿಕೊಂಡಳು.

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಮಾಲಾ ರವಿಕೆಯ ರೇಷ್ಮೆ ಬಟ್ಟೆಯನ್ನು ಮೆಷೀನಿನ ಚೌಕಟ್ಟಿಗೆ ಸಿಕ್ಕಿಸಲು ಎತ್ತಿಕೊಂಡಿದ್ದಳು. ಆದರೆ ಗಿಣಿ ಸಿಕ್ಕಿದ್ದೇ ತಡ, ಕೇಶವನೊಳಗಿನ ಧನ್ವಂತರಿ ಎದ್ದು ಕೂತಿದ್ದ.

"ತಡಿ ಮಾಲಾ. ದುಪ್ಪಟಿ ಹತ್ತಿ, ಇದು ರೇಷ್ಮೆ. ನಮ್ ಕಾರ್ಖಾನೇಲಿ ಅದೇ ಮೆಟೀರಿಯಲ್ ಮೇಲೆ ಟ್ರಯಲ್ ಆಗ್ದೆ ಲೈನ್ ಓಡ್ಸಲ್ಲ. ರಿಪೇರಿ ಆಗಿರೋ ಫೈಲು, ಕೊನೇಲಿ ಏನಾಯ್ತದೋ ಯಾರ್ಗೊತ್ತು?"

"ನೀವು ಸುಮ್ಕಿರ್ರಿ ಒಸಿ."

"ಇರೋದು ಒಂದೇ ತುಂಡು. ಅದು ಕೆಟ್ರೆ?"

ಮಾಲಾ ಯೋಚಿಸಿದಳು. ಎರಡು ದಿನದಲ್ಲಿ ಮೊದಲ ಬಾರಿ ಗಂಡನ ಮಾತಿನಲ್ಲಿ ಅರ್ಥ ಕಂಡಿತು. "ಸರಿ. ಅದೇ ಬಟ್ಟೆ ಮೇಲೇ ಟ್ರಯಲ್ ಮಾಡಾನ" ಎಂದು ಬೀರುವಿನ ಕಡೆ ನೋಡಿದಳು. "ಅಂಥ ಬಟ್ಟೆ ಮನೇಲಿ ಇನ್ನೊಂದೇ ಐತೆ."

ಅದು ಕೇಶವನ ಹೊಸ ರೇಷ್ಮೆ ಶರ್ಟು. ಬೀಗರು ರವಿಕೆಯ ಬಟ್ಟೆಯನ್ನೂ ಹೆಣ್ಣಿನ ಅಣ್ಣನ ಶರ್ಟಿನ ಬಟ್ಟೆಯನ್ನೂ ಒಂದೇ ಥಾನಿನಿಂದ ಹರಿಸಿ ತಂದಿದ್ದರು. ಶರ್ಟಿನಲ್ಲಿ ಚೌಕಟ್ಟಿಗೆ ಹಿಡಿಸುವಷ್ಟು ಅಗಲವಿರುವ ಜಾಗ ಒಂದೇ, ಬೆನ್ನು.

ಕೇಶವ ಬಾಯಿ ತೆರೆದ. ಭಾನು ಅವನನ್ನೇ ನೋಡುತ್ತಿದ್ದಳು. ನಾಳಿದ್ದು ಮನೆ ಬಿಟ್ಟು ಹೋಗುವ ತಂಗಿ ಹಾಗೆ ನೋಡಿದರೆ ಯಾವ ಅಣ್ಣ ತಾನೇ ಶರ್ಟಿನ ಲೆಕ್ಕ ಇಡುತ್ತಾನೆ. "ತಗಾ. ಆಮೇಲೆ ದಾರ ಬಿಚ್ಚಿದ್ರಾಯ್ತು" ಎಂದ.

ಟ್ರಯಲ್ ಆಯಿತು. ರೇಷ್ಮೆಯ ಮೇಲೆ ದಾರ ಬಿಗಿಯಾಗಿ, ಬಟ್ಟೆ ಸುಕ್ಕಾಗಿ, ಒಂದು ಗಿಣಿಯ ಬಾಲ ಸೊಟ್ಟಗೆ ತಿರುಗಿಕೊಂಡಿತು. ಮಾಲಾ ಬಿಗಿ ಸಡಿಲಿಸಿ, ಆಮೇಲೆ ರವಿಕೆ ಹೊಲಿದಳು. ಅದು ಕಣ್ಣಿಗೆ ಒತ್ತಿಕೊಳ್ಳುವಷ್ಟು ಚೆನ್ನಾಗಿ ಬಂತು. ಅಂದರೆ ಕೇಶವ ಹೇಳಿದ್ದೇ ಸರಿಯಾಗಿತ್ತು. (ಈ ಮಾತನ್ನು ಆ ಮನೆಯಲ್ಲಿ ಯಾರೂ ಹೇಳಲಿಲ್ಲ. ನಾವಾದರೂ ಹೇಳೋಣ.)

"ಈಗ ನನ್ ಶರ್ಟಿಂದ ದಾರ ಬಿಚ್ಬೋದಾ?"

"ಬಿಚ್ಬೋದು. ಜತೆಗೆ ಬಟ್ಟೆನೂ ಬತ್ತದೆ."

"ಹಂಗಾರೆ ಬ್ಯಾರೆ ಶರ್ಟ್ ಹಾಕ್ಕತೀನಿ."

ಇದಕ್ಕೆ ಪಿಳ್ಳಮ್ಮ ಒಪ್ಪಲಿಲ್ಲ. "ಬೀಗರು ಕೊಟ್ಟಿರೋ ಬಟ್ಟೆ ಕಣ್ಲಾ. ಮುಹೂರ್ತಕ್ಕೆ ಅದ ಬಿಟ್ಟು ಇನ್ನೊಂದು ಹಾಕ್ಕಂಡ್ರೆ, ನಾವ್ ಕೊಟ್ಟಿದ್ದು ಇವರ್ಗೆ ಹಿಡಿಸಿಲ್ಲ ಅಂದ್ಕತಾರೆ. ಮದ್ವೆ ಮನೇಲಿ ಮಾತು ಬರಬ್ಯಾಡ. ಮೇಲೊಂದು ಶಲ್ಯ ಹೊದ್ಕ."

ಹಾಗಾಗಿ ಭಾನುವಾರ ಬೇರಿಕೆಯ ಕಲ್ಯಾಣ ಮಂಟಪದಲ್ಲಿ, ಸೆಖೆಯಲ್ಲಿ ಎಲ್ಲರೂ ಬೀಸಣಿಗೆ ಹುಡುಕುತ್ತಿದ್ದಾಗ, ಹೆಣ್ಣಿನ ಅಣ್ಣ ಅಗಲವಾದ ಶಲ್ಯವನ್ನು ಬೆನ್ನ ತುಂಬ ಹೊದ್ದುಕೊಂಡು ಓಡಾಡುತ್ತಿದ್ದ. ನಿಂತರೆ ಕಂಬಕ್ಕೆ ಒರಗಿ ನಿಲ್ಲುತ್ತಿದ್ದ, ಬೀಗರ ಮುಂದೆ ಹಿಂದುಹಿಂದಕ್ಕೇ ನಡೆಯುತ್ತಿದ್ದ. ಎಷ್ಟು ವಿನಯ ಈ ಹುಡುಗನಿಗೆ ಎಂದು ಗಂಡಿನ ಸೋದರತ್ತೆ ನಾರಾಯಣಮ್ಮ ಮೆಚ್ಚಿಕೊಂಡರು. ಧಾರೆಯಾಯಿತು, ತಾಳಿಯಾಯಿತು. ಇನ್ನೇನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಪುರೋಹಿತರು ಹೆಣ್ಣಿನ ಅಣ್ಣನನ್ನು ಕರೆದರು. ಹೋಮಕ್ಕೆ ತಂಗಿಯ ಬೊಗಸೆಗೆ ಅರಳು ತುಂಬಬೇಕು.

ಕೇಶವ ಹೋಗಿ ತಂಗಿಯ ಪಕ್ಕ ನಿಂತ.

"ಶಲ್ಯ ಸೊಂಟಕ್ಕೆ ಕಟ್ಕಪ್ಪ" ಎಂದರು ಪುರೋಹಿತರು. "ಅಗ್ನಿ ಮುಂದೆ ಹೊದ್ಕಂಡು ನಿಲ್ಬಾರ್ದು."

"ಸ್ವಲ್ಪ ಚಳಿ ಸ್ವಾಮಿ" ಎಂದ ಕೇಶವ, ಬೆವರು ಒರೆಸಿಕೊಳ್ಳುತ್ತ.

"ಬೆಂಕಿ ಮುಂದೆ ಎಂಥಾ ಚಳಿ? ಕಟ್ಕ."

ಕಟ್ಟಿಕೊಂಡ. ವಿಡಿಯೋದವನು ಹಿಂದಿನಿಂದ ಹಿಡಿಯುತ್ತಿದ್ದ. ಸಭೆಯ ಪಕ್ಕದಲ್ಲಿದ್ದ ದೊಡ್ಡ ಪರದೆಯ ಮೇಲೆ ಅಣ್ಣ ತಂಗಿಯರ ಬೆನ್ನುಗಳು ಅಕ್ಕಪಕ್ಕ ಮೂಡಿದವು. ಎರಡು ಮಾವಿನ ಕೊಂಬೆ, ನಾಲ್ಕು ಗಿಣಿ. ನಾದಸ್ವರ ಊದುತ್ತಿದ್ದವನೂ ಅರೆಗಳಿಗೆ ಉಸಿರು ತೆಗೆದುಕೊಂಡ. ಕೇಶವ ಕಣ್ಣು ಮುಚ್ಚಿ ನಗು ಬರುವುದನ್ನು ಕಾದ.

ನಗು ಬರಲಿಲ್ಲ. "ಅಯ್ಯೋ ನೋಡೇ, ಅಣ್ಣ ತಂಗಿಗೆ ಜೋಡಿ ಹೊಲ್ಸವ್ರೆ" ಎಂದರು ನಾರಾಯಣಮ್ಮ. "ತಂಗಿ ಮೇಲೆ ಎಷ್ಟು ಪ್ರೀತಿ ಇದ್ರೆ ಗಂಡಸಾಗಿ ಇಂಥದ ಹಾಕ್ಕತಾನೆ." ಹೆಂಗಸರ ಸಾಲಿನಲ್ಲಿ ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಭಾನು ತಿರುಗಿ ಅಣ್ಣನನ್ನು ನೋಡಿದಳು. ಅದು ನಿಜವಾದ ಪ್ರೀತಿಯೇ ಎಂದು ಅವಳಿಗೆ ಗೊತ್ತಿತ್ತು. ಈ ನಾಲ್ಕು ದಿನಗಳಲ್ಲಿ ತಾನು ಮಾಡಿದ ಕೆಲಸಗಳಲ್ಲಿ ಇದೊಂದು ಸರಿಹೋಯಿತು ಎಂದು ಕೇಶವನಿಗೆ ಸಮಾಧಾನವಾಯಿತು.

ಆ ಸಮಾಧಾನ ಊಟದ ಪಂಕ್ತಿಯವರೆಗೆ ಇತ್ತು. ನಾರಾಯಣಮ್ಮ ಮಾಲಾಳ ಕೈ ಹಿಡಿದುಕೊಂಡು, ಶ್ರಾವಣದಲ್ಲಿ ತಮ್ಮ ಮಗಳ ಮದುವೆಗೂ ಇಂಥದೇ ಜೋಡಿ ಬೇಕೆಂದರು. ಅವರ ಹಿಂದೆ ಇನ್ನೊಬ್ಬರು ನಿಂತಿದ್ದರು, ಅವರ ಹಿಂದೆ ಮತ್ತೊಬ್ಬರು. ಆ ಹೆಂಗಸರ ಗಂಡುಮಕ್ಕಳು ದೂರದಿಂದ ಕೇಶವನನ್ನು ನೋಡುತ್ತಿದ್ದ ನೋಟದಲ್ಲಿ ಪ್ರೀತಿ ಇರಲಿಲ್ಲ.

"ಒಪ್ಕಂಡೆ ಕಣ್ರೀ" ಎಂದು ಮಾಲಾ ಗಂಡನ ಎಲೆಯ ಹತ್ತಿರ ಬಂದು ಹೇಳಿದಳು. ಮೂರು ದಿನದ ಮೇಲೆ ಅವಳು ಅವನ ಮುಖ ನೋಡಿ ನಗುತ್ತಿದ್ದಳು. "ಒಬ್ಬರ್ಗೆ ನವಿಲು ಬೇಕಂತೆ, ಒಬ್ಬರ್ಗೆ ಆನೆ. ಅದೇ ಬಟ್ಟೆ ಮೇಲೆ ಟ್ರಯಲ್ ಮಾಡ್ದೆ ಕೊಡಲ್ಲ ಅಂತ ನಿಮ್ ಮಾತೇ ಹೇಳಿವ್ನಿ. ಒಂದೊಂದು ಶರ್ಟಿಗಾಗೋಷ್ಟು ಜಾಸ್ತಿ ಬಟ್ಟೆ ಕೊಡ್ತಾರಂತೆ, ನಿಮ್ ಅಳತೇಗೆ."

ಕೇಶವ ಏನೋ ಹೇಳಲು ಹೋದ. ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ ಮುದುಕಿ ಕನ್ನಡಕ ಸರಿಮಾಡಿಕೊಂಡು, "ಒಸಿ ಬಗ್ಗಪ್ಪಾ, ಬಾಲ ಕಾಣಾಕಿಲ್ಲ" ಎಂದರು. ಕೇಶವ ಪಾಯಸದ ಎಲೆಯ ಮೇಲೆ ಬಗ್ಗಿದ.